ಗುದ್ದಿದ ಹಡಗಿನ ಹಗ್ಗ

"ಗುರುಗಳೇ, ನಮಗೆ ಕೇಡು ಮಾಡಿದವನನ್ನು ಮೊದಲು ಕ್ಷಮಿಸಬೇಕೋ, ಮೊದಲು ಅವನಿಂದ ನ್ಯಾಯ ಕೇಳಬೇಕೋ?" ಎಂದು ಶಿಷ್ಯನು ಕೇಳಿದನು.

ಕೇಡು ಮಾಡಿದವನು ಯಾರೆಂದು ಗುರುಗಳು ವಿಚಾರಿಸಲಿಲ್ಲ. "ಕೂತುಕೋ" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಕಡಲತೀರದ ಒಂದು ಬಂದರಿನಲ್ಲಿ ದುಗ್ಗಪ್ಪನೆಂಬ ತಂಡೇಲನಿದ್ದನು. ತಂಡೇಲನೆಂದರೆ ಹಡಗನ್ನು ನಡೆಸುವ ಹಿರಿಯ. ಹಾಯಿ ಏರುವುದೂ ಇಳಿಯುವುದೂ ಅವನ ಮಾತಿನಂತೆ. ದುಗ್ಗಪ್ಪನದು ಸರಕು ಸಾಗಿಸುವ ಪತ್ತೆಮಾರಿ, ಒಂದೇ ದೊಡ್ಡ ಹಾಯಿಯ ಹಡಗು.

ಆ ವರ್ಷ ಬಡಗಣ ಬಂದರೊಂದರಲ್ಲಿ ಅಕ್ಕಿಯ ಮಳಿಗೆಗಳಿಗೆ ಬೆಂಕಿ ಬಿದ್ದು ಊರಿನ ಕೂಳೆಲ್ಲ ಬೂದಿಯಾಯಿತು. ಸುದ್ದಿ ತಿಳಿದ ದುಗ್ಗಪ್ಪ ಹಡಗಿನ ತುಂಬ ಅಕ್ಕಿ ಹೇರಿಕೊಂಡು ಹೊರಟನು. ಚುಕ್ಕಾಣಿ ಹಿಡಿದವನ ಹೆಸರು ಜಟ್ಟಿ. ಒಳ್ಳೆಯ ಕೆಲಸಗಾರ, ಆದರೆ ಮೂಗಿನ ತುದಿಯಲ್ಲಿ ಸಿಟ್ಟು.

ಗಾಳಿ ವಾಯವ್ಯದಿಂದ ಬೀಸುತ್ತಿತ್ತು. ಹೋಗಬೇಕಾದ ಬಂದರು ಉತ್ತರಕ್ಕಿತ್ತು. ಗಾಳಿಯನ್ನು ಎಡಬದಿಗೆ ತೆಗೆದುಕೊಂಡು, ಬಲಕ್ಕೆ ವಾಲಿಕೊಂಡು, ಪತ್ತೆಮಾರಿ ಕಷ್ಟಪಟ್ಟು ಗಾಳಿಗೆ ಎದುರಾಗಿ ಏರುತ್ತಿತ್ತು. ದಡ ಕಣ್ಣಿಗೆ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಉತ್ತರದಿಂದ ಇನ್ನೊಂದು ಪತ್ತೆಮಾರಿ ಬಂತು. ಅದರಲ್ಲಿ ಸರಕಿರಲಿಲ್ಲ. ಹಿಂದಿನಿಂದ ಗಾಳಿ, ಹಗುರವಾದ ಒಡಲು, ಅದು ಓಡುತ್ತಿತ್ತು. ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಬರುವವನು ಗಾಳಿಗೆ ಎದುರಾಗಿ ಏರುವವನಿಗೆ ದಾರಿ ಬಿಡಬೇಕು. ಕಡಲಿನಲ್ಲಿ ಅದು ಎಲ್ಲರಿಗೂ ಗೊತ್ತಿರುವ ನಡೆ. ಆದರೆ ಆ ಹಡಗಿನ ದೊಡ್ಡ ಹಾಯಿ ಮುಂದಿನ ನೀರನ್ನು ಮರೆಮಾಡಿತ್ತು, ಮುಂಭಾಗದಲ್ಲಿ ಕಾವಲು ನಿಲ್ಲಬೇಕಾದವನು ಎಲ್ಲರ ಜೊತೆ ಹಿಂದೆ ಊಟಕ್ಕೆ ಕೂತಿದ್ದನು. ದುಗ್ಗಪ್ಪನ ಜನ ಕೂಗಿದರು, ಹರಿವಾಣ ಬಡಿದರು. ಆ ಹಡಗಿನ ತಂಡೇಲ ಪರಸು ಎದ್ದು ಚುಕ್ಕಾಣಿ ತಿರುಗಿಸುವಷ್ಟರಲ್ಲಿ ಹೊತ್ತು ಮೀರಿತ್ತು.

ಅದರ ಮೂತಿ ದುಗ್ಗಪ್ಪನ ಹಡಗಿನ ಎಡಬದಿಗೆ ಗುದ್ದಿತು.

ಹಲಗೆ ಒಡೆಯಿತು. ಹಾಯಿ ಕಟ್ಟಿದ್ದ ಅಡ್ಡಮರ ಮುರಿದು ಹಾಯಿಯ ಸಮೇತ ಕೆಳಗೆ ಬಿತ್ತು. ಹಾಯಿಕಂಬವೊಂದೇ ನಿಂತು ಉಳಿಯಿತು. ಗುದ್ದಿದ ಹಡಗು ಬದಿಯನ್ನು ಸವರಿಕೊಂಡು ಮುಂದೆ ಹೋಯಿತು. ಅದರ ಮೂತಿಯ ಬಣ್ಣವಷ್ಟೇ ಕಿತ್ತಿತ್ತು.

ಜಟ್ಟಿ ಹಗ್ಗ ಕೊಯ್ಯುವ ಕತ್ತಿ ಹಿರಿದು ಬದಿಗೆ ಓಡಿದನು. "ಕಣ್ಣು ಕುರುಡೇನೋ ನಿಮಗೆ! ಬನ್ನಿರೋ ಈಚೆ, ಒಬ್ಬೊಬ್ಬನನ್ನೂ ಸಿಗಿಯುತ್ತೇನೆ!" ಎಂದು ಕೂಗಿದನು. ಉಳಿದವರೂ ಕೈಗೆ ಸಿಕ್ಕ ಹುಟ್ಟು ಎತ್ತಿಕೊಂಡು ಬೈಯತೊಡಗಿದರು. ಅವರ ಕಾಲಡಿಯಲ್ಲಿ ನೀರು ಒಳಗೆ ಬರುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ.

ದುಗ್ಗಪ್ಪ ಹಡಗಿನ ಒಡಲಿಗೆ ಇಳಿದಿದ್ದನು. ತೂತು ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿತ್ತು. ಹಾಯಿ ಇಲ್ಲದ ಹಡಗು ಈಗ ನೆಟ್ಟಗೆ ನಿಂತಿತ್ತು. ಮೊದಲಿನಂತೆ ಬಲಕ್ಕೆ ವಾಲಿದ್ದರೆ ಆ ತೂತು ನೀರಿನ ಮೇಲಿರುತ್ತಿತ್ತು. ಅವನು ಅಕ್ಕಿಯ ಮೂಟೆಗಳನ್ನು ಮುಟ್ಟಿ ನೋಡಿದನು. ಕೆಳಗಿನ ಸಾಲು ಆಗಲೇ ನೆನೆಯುತ್ತಿತ್ತು. ನೆನೆದ ಅಕ್ಕಿ ಉಬ್ಬಿದರೆ ಗಟ್ಟಿಯಿರುವ ಹಲಗೆಗಳೂ ಬಾಯಿಬಿಡುತ್ತವೆ. ಮೇಲೆ ಬಂದು ಕಡಲನ್ನು ನೋಡಿದನು. ಗುದ್ದಿದ ಹಡಗು ದೂರವಾಗುತ್ತಿತ್ತು. ಅಲ್ಲಿಯವರಿಗೆ ಈ ಹಡಗಿನ ಕತ್ತಿಯೂ ಹುಟ್ಟುಗಳೂ ಕಾಣುತ್ತಿದ್ದವು. ಅವರು ಹಾಯಿ ಬಿಗಿದು ಜಾರಿಕೊಳ್ಳುವ ಹವಣಿಕೆಯಲ್ಲಿದ್ದರು.

ದುಗ್ಗಪ್ಪ ಜಟ್ಟಿಯ ಕೈಯಿಂದ ಕತ್ತಿ ಕಿತ್ತುಕೊಂಡು, ಆ ಹಡಗಿನವರಿಗೆ ಕಾಣುವ ಹಾಗೆ ಎತ್ತಿ ಹಿಡಿದು, ನೀರಿಗೆ ಎಸೆದನು. ಆಮೇಲೆ ಎರಡೂ ಕೈ ಬಾಯಿಗಿಟ್ಟು ಕೂಗಿದನು.

"ತಂಡೇಲರೇ! ಎಡಬದಿ ಒಡೆದಿದೆ! ನಮಗೆ ಹಾಯಿಯಿಲ್ಲ! ನಿಮ್ಮ ಹಗ್ಗ ಬೇಕು, ಬನ್ನಿ!"

ಪರಸುವಿನ ಹಡಗಿನಲ್ಲಿ ಒಬ್ಬನು, "ಹೋಗಿಬಿಡೋಣ, ಹತ್ತಿರ ಹೋದರೆ ಕೊಲ್ಲುತ್ತಾರೆ" ಎಂದನು. ಪರಸು ನೀರಿಗೆ ಬಿದ್ದ ಕತ್ತಿಯನ್ನು ನೋಡಿದ್ದನು. ಬೈಗುಳವನ್ನು ಎದುರಿಸಲು ಅವನು ಮನಸ್ಸು ಗಟ್ಟಿಮಾಡಿಕೊಂಡಿದ್ದನು. ಮರ್ಯಾದೆಯ ಮಾತಿಗೆ ಅವನಲ್ಲಿ ತಯಾರಿ ಇರಲಿಲ್ಲ. ಅವನು ಚುಕ್ಕಾಣಿಯನ್ನು ತಾನೇ ಹಿಡಿದು ಹಡಗನ್ನು ಹಿಂದಕ್ಕೆ ತಿರುಗಿಸಿದನು.

ಜಟ್ಟಿಗೆ ಮೈ ಉರಿಯಿತು. "ತಂಡೇಲರೇ, ನಮ್ಮನ್ನು ಮುಳುಗಿಸಿದವನನ್ನೇ ಕರೆಯುತ್ತೀರಾ?"

"ಇನ್ನೂ ಮುಳುಗಿಲ್ಲ ಜಟ್ಟಿ. ನಿನ್ನ ಸಿಟ್ಟಿಗೆ ಕೆಳಗೆ ಕೆಲಸವಿದೆ. ಕಂಬಳಿ ತೆಗೆದುಕೊಂಡು ಇಳಿ."

ಜಟ್ಟಿ ಇಳಿದನು. ತೂತಿಗೆ ತುರುಕಿದ ಕಂಬಳಿಯನ್ನು ಕಡಲು ಒಳಗೆ ತಳ್ಳಿತು. ಮತ್ತೆ ತುರುಕಿದನು, ಮತ್ತೆ ತಳ್ಳಿತು. ಕೊನೆಗೆ ಕಂಬಳಿಗೆ ತನ್ನ ಬೆನ್ನನ್ನೇ ಕೊಟ್ಟು, ಕಾಲುಗಳನ್ನು ಎದುರಿನ ಮೂಟೆಗಳಿಗೆ ಊರಿ ಕೂತನು. ಕಡಲು ಅವನ ಬೆನ್ನನ್ನು ಗುದ್ದುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡು ಬೈಯುತ್ತಲೇ ಇದ್ದನು, ಆದರೆ ಅಲುಗಲಿಲ್ಲ. ಒಳಗೆ ಬರುವ ನೀರು ಅರ್ಧಕ್ಕೆ ಇಳಿಯಿತು. ಉಳಿದದ್ದನ್ನು ಇಬ್ಬರು ಬಾನಿಗಳಿಂದ ಮೊಗೆದು ಹೊರಗೆ ಚೆಲ್ಲಿದರು. ಇನ್ನುಳಿದವರು ಎಡಬದಿಯ ಮೂಟೆಗಳನ್ನು ಬಲಬದಿಗೆ ಹೊತ್ತರು. ಪೂರಾ ನೆನೆದವನ್ನು ಕಡಲಿಗೆ ಎಸೆದರು. ಹಡಗು ಬಲಕ್ಕೆ ಸ್ವಲ್ಪ ವಾಲಿತು. ಸಾಲದು.

ಪರಸು ತನ್ನ ಸಣ್ಣ ದೋಣಿಯಲ್ಲಿ ದಪ್ಪ ಹಗ್ಗ ಕಳುಹಿಸಿದನು. ದುಗ್ಗಪ್ಪ ಅದರ ತುದಿಯನ್ನು ತನ್ನ ಹಾಯಿಕಂಬದ ನೆತ್ತಿಗೆ ಕಟ್ಟಿಸಿದನು. ಇನ್ನೊಂದು ತುದಿ ಪರಸುವಿನ ಹಡಗಿನಲ್ಲಿ. ಪರಸು ಬಲಗಡೆಗೆ ಹೋಗಿ, ದೊಡ್ಡ ಹಾಯಿಯ ಬದಲು ಸಣ್ಣದೊಂದನ್ನು ಏರಿಸಿ ಎಳೆಯಬೇಕು. ಕಂಬ ಬಲಕ್ಕೆ ಬಾಗಬೇಕು, ಎಡಬದಿ ನೀರಿನಿಂದ ಮೇಲೇಳಬೇಕು. ಕಡಿಮೆ ಎಳೆದರೆ ತೂತು ನೀರಿನಲ್ಲೇ ಉಳಿಯುತ್ತದೆ. ಹೆಚ್ಚು ಎಳೆದರೆ ಹಡಗು ಮಗುಚಿಕೊಳ್ಳುತ್ತದೆ, ಒಡಲಲ್ಲಿದ್ದ ಜಟ್ಟಿಗೆ ಹೊರಗೆ ಬರುವ ದಾರಿಯಿಲ್ಲ. ಗಳಿಗೆಯ ಹಿಂದೆ ಅವರನ್ನು ಗುದ್ದಿದ ಕೈಯಲ್ಲೇ ಈಗ ಅವರ ಜೀವವಿತ್ತು.

ಹಗ್ಗ ಬಿಗಿಯಿತು. ಕಂಬ ಕಿರುಗುಟ್ಟಿತು. ಎಡಬದಿ ಬೆರಳು ಬೆರಳಾಗಿ ಮೇಲೆದ್ದಿತು.

ಆಗ ಒಂದು ಬಿರುಗಾಳಿಯ ಹೊಡೆತ ಬಂತು. ಪರಸುವಿನ ಹಾಯಿ ಉಬ್ಬಿತು, ಹಗ್ಗ ತಂತಿಯಂತೆ ಸೆಟೆಯಿತು, ದುಗ್ಗಪ್ಪನ ಹಡಗಿನ ಬಲ ಅಂಚು ನೀರು ಮುಟ್ಟಿತು. ದುಗ್ಗಪ್ಪನ ಜನ ಕಂಬಕ್ಕೆ ಜೋತುಬಿದ್ದು ಕಣ್ಣು ಮುಚ್ಚಿದರು. ಪರಸು ಕಣ್ಣು ಮುಚ್ಚಲಿಲ್ಲ. ಹಾಯಿಯ ಹಗ್ಗವನ್ನು ಅವನು ಗೂಟಕ್ಕೆ ಕಟ್ಟಿರಲಿಲ್ಲ, ಕೈಯಲ್ಲೇ ಹಿಡಿದಿದ್ದನು. ಹೊಡೆತ ಬಂದ ಕ್ಷಣವೇ ಸಡಿಲ ಬಿಟ್ಟನು. ಹಗ್ಗ ಅವನ ಅಂಗೈಯ ಚರ್ಮ ಸುಲಿದುಕೊಂಡು ಓಡಿತು. ಅಂಚು ನೀರಿನಿಂದ ಮೇಲೆ ಬಂತು. ಗಾಳಿ ಇಳಿದ ಮೇಲೆ ಅವನು ರಕ್ತದ ಕೈಯಿಂದಲೇ ಮತ್ತೆ ಬಿಗಿದನು.

ಒಡಲಿನ ಕತ್ತಲಲ್ಲಿ ಜಟ್ಟಿಗೆ ಬೆನ್ನ ಮೇಲಿನ ಗುದ್ದು ಕಡಿಮೆಯಾದಂತೆ ಅನಿಸಿತು. ಆಮೇಲೆ ನಿಂತೇಹೋಯಿತು. ಅವನು ಹೆದರುತ್ತ ಬೆನ್ನು ತೆಗೆದನು. ಕಂಬಳಿ ಜಾರಿ ಬಿತ್ತು. ತೂತಿನಿಂದ ನೀರು ಬರಲಿಲ್ಲ, ಬಿಸಿಲು ಬಂತು.

"ಬೆಳಕು!" ಎಂದು ಅವನು ಕೂಗಿದನು. "ತಂಡೇಲರೇ, ಬೆಳಕು!"

ಎರಡೂ ಹಡಗಿನವರು ಒಟ್ಟಿಗೆ ಹೋ ಎಂದರು.

ಆ ಮೇಲೆ ಕೆಲಸ ನಿಲ್ಲಲಿಲ್ಲ. ದುಗ್ಗಪ್ಪ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಹೊರಗೆ ಇಳಿದನು. ಪರಸುವಿನವರು ತಮ್ಮ ಹಡಗಿನ ನೆಲದಿಂದ ಒಂದು ಹಲಗೆಯನ್ನೇ ಕಿತ್ತು ದೋಣಿಯಲ್ಲಿ ತಂದರು, ಮೊಳೆ ತಂದರು. ರಾಳದಲ್ಲಿ ಅದ್ದಿದ ಹಾಯಿಬಟ್ಟೆಯನ್ನು ಮಡಿಸಿ ತೂತಿನ ಮೇಲಿಟ್ಟು, ಅದರ ಮೇಲೆ ಹಲಗೆ ಜಡಿದರು. ಪ್ರತಿ ಅಲೆಗೂ ದುಗ್ಗಪ್ಪ ಮುಳುಗಿ ಏಳುತ್ತಿದ್ದನು. ಎದ್ದಾಗ ಒಂದು ಏಟು ಹಾಕುತ್ತಿದ್ದನು. ಒಳಗಿನಿಂದ ಜಟ್ಟಿ ಮರದ ತುಂಡನ್ನು ಒತ್ತಿ ಹಿಡಿದನು. ಪರಸು ಹಗ್ಗವನ್ನು ಮೆಲ್ಲನೆ ಸಡಿಲಿಸಿದನು. ಹಡಗು ನೆಟ್ಟಗಾಯಿತು. ಎಲ್ಲರೂ ಒಳಗೆ ಬಗ್ಗಿ ನೋಡಿದರು. ಹಲಗೆಯ ಅಂಚಿನಲ್ಲಿ ನೀರು ಬೆವರಿನಂತೆ ಒಸರುತ್ತಿತ್ತು, ಅಷ್ಟೆ. ಒಬ್ಬನು ಬಾನಿ ಹಿಡಿದು ಕೂತರೆ ಸಾಕು.

ಪರಸು ತನ್ನಲ್ಲಿದ್ದ ಹೆಚ್ಚಿನ ಅಡ್ಡಮರವನ್ನು ಕೊಟ್ಟನು. ದುಗ್ಗಪ್ಪನ ಹಾಯಿ ಮತ್ತೆ ಏರಿತು. ಗಾಳಿ ಮೊದಲಿನಂತೆ ಎಡದಿಂದ ಬಂದು ಹಡಗನ್ನು ಬಲಕ್ಕೆ ವಾಲಿಸಿತು. ಗಾಯವಾದ ಬದಿ ನೀರಿನಿಂದ ಮೇಲೆ ಉಳಿಯಿತು. ಪರಸು ತನ್ನ ದಾರಿಗೆ ತೆಂಕಕ್ಕೆ ಹೋಗಬಹುದಾಗಿತ್ತು. ಹೋಗಲಿಲ್ಲ. ಕೂಗಿದರೆ ಕೇಳಿಸುವಷ್ಟು ಪಕ್ಕದಲ್ಲಿ, ತಾನೂ ಗಾಳಿಗೆ ಎದುರಾಗಿ, ಜೊತೆಗೆ ಬಂದನು.

ಮರುದಿನ ಬೆಳಿಗ್ಗೆ ಬಡಗಣ ಬಂದರಿನವರು ಕಡಲಲ್ಲಿ ಎರಡು ಹಾಯಿಗಳನ್ನು ಕಂಡರು. ಒಂದು ಹಡಗಿನ ಹೊಟ್ಟೆಯಲ್ಲಿ ಬೇರೆ ಬಣ್ಣದ ಹಲಗೆಯಿತ್ತು. ಅದರಲ್ಲಿ ಅಕ್ಕಿಯಿದೆಯೆಂದು ತಿಳಿದಾಗ ಇಡೀ ಊರು ಹಡಗು ನಿಲ್ಲುವ ದಕ್ಕೆಗೆ ಇಳಿಯಿತು. ಶಂಖ ಊದಿದರು. ಹೆಂಗಸರು ಎದೆಮಟ್ಟ ನೀರಿಗೆ ಇಳಿದು ಮೂಟೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಎರಡೂ ಹಡಗುಗಳಲ್ಲಿ ಒಂದು ಜೀವವೂ ಹೋಗಿರಲಿಲ್ಲ. ಆ ದಿನ ಊರಿನ ಎಲ್ಲ ಒಲೆಗಳೂ ಹೊತ್ತಿಕೊಂಡವು. ಜಟ್ಟಿಯ ಬೆನ್ನು ನೀಲಿಗಟ್ಟಿತ್ತು. ಅದನ್ನು ಎಲ್ಲರಿಗೂ ತೋರಿಸುತ್ತ ಅವನು ಮೂರು ಮನೆಗಳಲ್ಲಿ ಉಂಡನು.

ಉಂಡ ಮೇಲೆ ಬಂದರಿನ ಹಿರಿಯರು ಪಂಚಾಯಿತಿ ಕೂಡಿಸಿದರು. ದುಗ್ಗಪ್ಪ ನಡೆದದ್ದನ್ನು ನಡೆದಂತೆ ಹೇಳಿದನು. ಕಾವಲಿಲ್ಲದ್ದನ್ನು ಮುಚ್ಚಿಡಲಿಲ್ಲ, ಹಗ್ಗ ಎಳೆದದ್ದನ್ನೂ ಮುಚ್ಚಿಡಲಿಲ್ಲ. ಪರಸು ಬಟ್ಟೆ ಸುತ್ತಿದ ಕೈಗಳನ್ನು ಜೋಡಿಸಿ, "ಮುಂದೆ ಆಳು ನಿಲ್ಲಿಸಿರಲಿಲ್ಲ. ತಪ್ಪು ನನ್ನದು" ಎಂದನು. ಒಡೆದ ಬದಿಯನ್ನು ಅವನೇ ಹೊಸದು ಮಾಡಿಕೊಡಬೇಕು, ಅಲ್ಲಿಯವರೆಗೆ ಅವನ ಹಡಗು ಬಂದರು ಬಿಡಬಾರದು ಎಂದು ತೀರ್ಪಾಯಿತು. ಯಾರೂ ಎದುರಾಡಲಿಲ್ಲ.

ಹಡಗನ್ನು ಮರಳಿಗೆ ಎಳೆದು ಹೊಸ ಹಲಗೆ ಕೂರಿಸಿದರು. ಹಲಗೆಗೆ ಮೊಳೆ ಹೊಡೆಯಲು ಇಬ್ಬರು ಬೇಕು: ಹೊರಗಿನಿಂದ ಒಬ್ಬನು ಹೊಡೆಯುತ್ತಾನೆ, ಒಳಗೆ ಬಂದ ಮೊನೆಯನ್ನು ಇನ್ನೊಬ್ಬನು ಬಡಿದು ಮಡಿಸುತ್ತಾನೆ. ಹೊರಗೆ ಪರಸು ನಿಂತನು. ಒಳಗೆ ಹೋಗೆಂದು ಯಾರೂ ಹೇಳದಿದ್ದರೂ ಜಟ್ಟಿ ಹೋಗಿ ಕೂತನು. ಇಬ್ಬರೂ ಒಬ್ಬರಿಗೊಬ್ಬರು ಕಾಣದೆ ದಿನವಿಡೀ ಒಂದೇ ಹಲಗೆಯನ್ನು ಬಡಿದರು. ಸಂಜೆಯ ಹೊತ್ತಿಗೆ ಏಟಿಗೆ ಏಟು ತಾಳ ಕೂಡಿತ್ತು. ಕೊನೆಯ ಮೊಳೆ ಮಡಿಸಿದಾಗ ಒಳಗಿನಿಂದ ಜಟ್ಟಿ, "ಪರಸಣ್ಣ, ಆಯಿತು!" ಎಂದು ಕೂಗಿದನು.

ಹಡಗು ನೀರಿಗೆ ಇಳಿಯಿತು. ಒಂದು ಹನಿಯೂ ಒಳಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕೇಳಿದನು: "ನ್ಯಾಯ ಸಿಕ್ಕಿತು, ಸರಿ. ಆದರೆ ಗುರುಗಳೇ, ನಡುಗಡಲಿನಲ್ಲಿ ಹಗ್ಗ ಕೇಳಿದಾಗ ದುಗ್ಗಪ್ಪ ಅವನನ್ನು ಕ್ಷಮಿಸಿದ್ದನೇ, ಇಲ್ಲವೇ?"

"ಅದು ಹಾಗಿರಲಿ; ನಿನ್ನನ್ನು ಗುದ್ದಿದವನಿಗೆ ನೀನು ಕೂಗಿದರೆ ಇನ್ನೂ ಕೇಳಿಸುತ್ತದೆಯೇ?" ಎಂದರು ಗುರುಗಳು.