ಉಪ್ಪು ತೊಳೆದ ನೀರು

"ಮಾಸ್ತರೇ, ಒಳ್ಳೆಯದರ ಜೊತೆ ಬೆರೆತುಹೋದ ಕೆಟ್ಟದ್ದನ್ನು ಬೇರ್ಪಡಿಸುವುದು ಹೇಗೆ?" ಎಂದು ಹಮ್ಮಣ್ಣ ಕೇಳಿದ.

ನಾನು ಹೇಳಿದೆ: "ಸರಿಯಾದ ಮನುಷ್ಯನನ್ನೇ ಕೇಳಿದೆ, ತಮಾ. ಉಪ್ಪಿನ ಹರಳನ್ನು ಸೂಜಿಯಿಂದ ಸೀಳಿ, ಒಂದೇ ಒಂದು ಪರಮಾಣುವನ್ನು ಉಗುರಿನ ಮೇಲೆ ಕೂರಿಸಿಕೊಂಡು, ಅದರ ಎಲೆಕ್ಟ್ರಾನುಗಳನ್ನು ಎಣಿಸಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ. ಇದು ಸುಳ್ಳು. ಪರಮಾಣುವನ್ನು ನಾನು ಪುಸ್ತಕದ ಚಿತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಆ ಚಿತ್ರವೂ ಸರಿಯಿಲ್ಲ ಎನ್ನುತ್ತಾರೆ."

"ನೋಡಿ, ಇದಕ್ಕೇ ನಾನು ಹೊರಟದ್ದು," ಎಂದ ಹಮ್ಮಣ್ಣ.

ಹಮ್ಮಣ್ಣ ನನ್ನ ಹಳೆಯ ಶಿಷ್ಯ. ಶಾಲೆಯಲ್ಲಿ ಅವನಿಗೆ ರಸಾಯನಶಾಸ್ತ್ರ ಕಲಿಸಿದವನು ನಾನು. ಅವನೀಗ ಹೆಂಡತಿ ಮಗಳು ಇರುವ ಗೃಹಸ್ಥ, ಆದರೂ ಸಂಶಯ ಬಂದಾಗ ನನ್ನನ್ನೇ ಹುಡುಕಿಕೊಂಡು ಬರುತ್ತಾನೆ. ಆ ದಿನ ಬಸ್ ನಿಲ್ದಾಣದ ಚಾದಂಗಡಿಯಲ್ಲಿ ಬೆಂಚಿನ ತುದಿಗೆ ಕೂತಿದ್ದ. ತೊಡೆಯ ಮೇಲೆ ಚೀಲ. ಕಣ್ಣು ರಸ್ತೆಯ ಮೇಲೆ. ಬೆಟ್ಟದ ಆಶ್ರಮಕ್ಕೆ ಹೋಗುವ ಬಸ್ಸು ಬಂದರೆ ಹತ್ತಿಬಿಡಬೇಕು, ಇನ್ನು ಮನೆಗೆ ತಿರುಗಬಾರದು ಎಂದು ಬಂದಿದ್ದ.

ಅವನಿಗೆ ಸಿಟ್ಟಿನ ಕಾಟ. ಹಿಂದಿನ ದಿನ ಮಗಳು ಹಾಲು ಚೆಲ್ಲಿದಳೆಂದು ಕೈ ಎತ್ತಿದ್ದ. ಹೊಡೆಯಲಿಲ್ಲ. ಆದರೆ ಮಗು ಕಣ್ಣು ಮುಚ್ಚಿಕೊಂಡು, ಹೆಗಲು ಕುಗ್ಗಿಸಿ, ಪೆಟ್ಟಿಗೆ ಕಾದು ನಿಂತಿತು. ಅದನ್ನು ಕಂಡಾಗಿನಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಬೆಟ್ಟದ ಸ್ವಾಮಿಗಳಿಗೆ ಸಿಟ್ಟೇ ಬರುವುದಿಲ್ಲವಂತೆ," ಎಂದ. "ಅವರ ಹತ್ತಿರ ಸೇರಿದವರಿಗೂ ಬರುವುದಿಲ್ಲವಂತೆ. ಅಲ್ಲಿ ಯಾರೂ ಮನೆಯ ಹೆಸರು ಎತ್ತುವುದಿಲ್ಲ, ಮಕ್ಕಳ ಹೆಸರು ಎತ್ತುವುದಿಲ್ಲ. ಅಷ್ಟು ಶುದ್ಧ. ನೀವೋ, ಬಾಯಿ ಬಿಟ್ಟರೆ ಸುಳ್ಳು. ನಿಮ್ಮ ಹತ್ತಿರ ಕೂತು ನಾನು ಯಾವ ಜನ್ಮಕ್ಕೆ ಶುದ್ಧನಾಗಲಿ?"

"ಆಗುವುದಿಲ್ಲ," ಎಂದೆ. "ಬಸ್ಸು ಬರುವ ತನಕ ಒಂದು ಕತೆ ಕೇಳು."

ಒಬ್ಬ ರೈತನಿದ್ದ. ಗದ್ದೆಯ ಕೆಲಸ ಬಿಟ್ಟು, ಹೊಳೆ ಸಮುದ್ರ ಸೇರುವ ಕಡೆ ಒಂದು ಉಪ್ಪಿನ ಆಗರ ಹಿಡಿದ. ಸಮುದ್ರದ ನೀರನ್ನು ಪಾತಿಗಳಿಗೆ ಬಿಟ್ಟ. ಬಿಸಿಲು ನೀರನ್ನು ಎತ್ತಿಕೊಂಡು ಹೋಯಿತು. ಉಪ್ಪು ಕೆಳಗೆ ಕೂತಿತು. ರೈತ ಅದನ್ನು ಎಳೆದು ರಾಶಿ ಹಾಕಿ, ಎಲ್ಲವನ್ನೂ ತಾನೇ ಮಾಡಿದೆನೆಂದುಕೊಂಡ.

ಅವನು ಬಹಳ ಶುಚಿಯ ಮನುಷ್ಯ. ಕೈ ತೊಳೆದು ಬಾವಿಯ ಹಗ್ಗ ಮುಟ್ಟುವನು. ಹಗ್ಗ ಮುಟ್ಟಿದ್ದಕ್ಕೆ ಮತ್ತೆ ಕೈ ತೊಳೆಯುವನು.

ಮಳೆಗಾಲ ಹತ್ತಿರವಾಯಿತು. ದೋಣಿಯ ವ್ಯಾಪಾರಿ ಹೇಳಿ ಕಳಿಸಿದ: "ನಾಳೆ ಭರತ ಬಂದು ಸಮುದ್ರದ ನೀರು ಏರುವಾಗ ಬರುತ್ತೇನೆ. ಬಿಳಿ ಉಪ್ಪಿದ್ದರೆ ತುಂಬುತ್ತೇನೆ. ಇಲ್ಲವಾದರೆ ನನ್ನ ದೋಣಿ ಇನ್ನು ನಿನ್ನ ಕಟ್ಟೆಗೆ ಬರುವುದಿಲ್ಲ." ಆ ಕಡೆಗೆ ಬರುತ್ತಿದ್ದದ್ದು ಅದೊಂದೇ ದೋಣಿ.

ಅದೇ ಸಂಜೆ, ಏಡಿಗಳು ಕೊರೆದಿದ್ದ ಆಗರದ ಮಣ್ಣಿನ ಏರಿ ಕುಸಿಯಿತು. ಏರಿಯ ಕೆಸರೆಲ್ಲ ಉಪ್ಪಿನ ರಾಶಿಯ ಮೇಲೆ ಬಿತ್ತು. ಬೆಳಿಗ್ಗೆ ನೋಡಿದರೆ ರಾಶಿ ಕೆರೆಯಿಂದ ಎದ್ದ ಎಮ್ಮೆಯ ಹಾಗಿತ್ತು.

ರೈತ ಕೈಯಿಂದ ಆರಿಸಿದ. ಆರಿಸಿದಷ್ಟೂ ಕೈ ಕಪ್ಪಾಯಿತು. ಜರಡಿ ಹಿಡಿದ. ಕೆಸರು ಹರಳಿಗೆ ಅಂಟಿಕೊಂಡಿತ್ತು, ಎರಡೂ ಒಟ್ಟಿಗೇ ಇಳಿದವು. ತೊಳೆಯದೆ ಬೇರೆ ದಾರಿ ಕಾಣಲಿಲ್ಲ.

ಪಕ್ಕದ ಆಗರದವನೊಬ್ಬನಿದ್ದ. ಅವನ ಪಾತಿಯಲ್ಲಿ ಇನ್ನೂ ನೀರಿತ್ತು. ಬಿಸಿಲಿಗೆ ನಿಂತು ನಿಂತು ದಪ್ಪಗಾದ ನೀರು. ಹಿಡಿಯುವಷ್ಟು ಉಪ್ಪು ಹಿಡಿದು, ಇನ್ನು ಹಿಡಿಯಲಾರದೆ ತಳಕ್ಕೆ ಬಿಡುತ್ತಿದ್ದ ನೀರು. ಬಣ್ಣ ಕೆಂಪು. ವಾಸನೆಯೂ ಇತ್ತು. ಮಾಲೀಕನೂ ನೀರಿನ ಹಾಗೇ. ಇಸ್ಪೀಟು ಆಡುವವನು, ಸುಳ್ಳು ಹೇಳುವವನು. ಹಿಂದಿನ ವಾರವಷ್ಟೇ "ದೋಣಿ ಬಂತೋ" ಎಂದು ಕೂಗಿ, ಊಟಕ್ಕೆ ಕೂತಿದ್ದ ರೈತನನ್ನು ಕಟ್ಟೆಯವರೆಗೆ ಓಡಿಸಿ, ಅವನ ಬಟ್ಟಲಿನ ಬಂಗಡೆ ಮೀನು ತಿಂದು ಹೋಗಿದ್ದ.

ಅವನು ಬೇಲಿಯಾಚೆಯಿಂದ ಕೂಗಿದ: "ಏ ಮಾರಾಯ, ನನ್ನ ನೀರಲ್ಲಿ ತೊಳಿ."

"ನಿನ್ನ ನೀರಲ್ಲಿ ನಾನು ಕಾಲೂ ತೊಳೆಯೋದಿಲ್ಲ," ಎಂದ ರೈತ.

ಅವನು ಬಾವಿಯಿಂದ ಸಿಹಿನೀರು ಹೊತ್ತು ತಂದ. ಕಾಯಿಸಿ ಬತ್ತಿಸಿದರೂ ತಳದಲ್ಲಿ ಏನೂ ಉಳಿಯದಂಥ ನೀರು ಎಂದು ಹೇಳಿಕೊಳ್ಳುತ್ತಿದ್ದ. ಆ ಮಾತನ್ನು ನಾನು ನಂಬುವುದಿಲ್ಲ, ಆದರೆ ಒಳ್ಳೆಯ ನೀರು. ಉಪ್ಪನ್ನು ಬುಟ್ಟಿಗೆ ತುಂಬಿ, ಅಕ್ಕಿ ತೊಳೆದ ಹಾಗೆ ತೊಳೆದ. ಸುರಿದ, ಅಲುಗಿಸಿದ, ಬಸಿದ.

"ಉಪ್ಪು ಕರಗ್ತದೋ!" ಎಂದ ಪಕ್ಕದವನು.

"ನೆನೆಸಿಟ್ಟರೆ ಕರಗ್ತದೆ. ನಾನು ನಿಲ್ಲೋಕೇ ಬಿಡೋದಿಲ್ಲ. ನಿನ್ನ ಮಾತು ಕೇಳಿ ಒಂದು ಬಂಗಡೆ ಹೋಯ್ತು, ಸಾಕು."

ಮೊದಲ ಬುಟ್ಟಿ ಮಲ್ಲಿಗೆಯಷ್ಟು ಬೆಳ್ಳಗಾಯಿತು. ಎತ್ತಿದರೆ ಹಗುರ. ಕೆಸರು ಹೋದ ಮೇಲೆ ಹಗುರಾಗದೆ ಇರುತ್ತದೆಯೇ ಎಂದುಕೊಂಡ. ಅಷ್ಟರಲ್ಲಿ ಒಂದು ಮೂಲೆಯಲ್ಲಿ ಸಣ್ಣ ಕಪ್ಪು ಗೆರೆ ಕಂಡಿತು. ರಾಶಿ ಪೂರ್ತಿ ಕಪ್ಪಿದ್ದಾಗ ಕಾಣದ ಗೆರೆ, ಬಿಳಿಯಲ್ಲಿ ದೊಡ್ಡದಾಗಿ ಕಂಡಿತು. ಮತ್ತೆ ತೊಳೆದ. ಇನ್ನೊಂದು ಗೆರೆ ಕಂಡಿತು. ಇನ್ನೂ ತೊಳೆದ. ಉಪ್ಪು ಹೊಳೆಯುತ್ತ ಹೋಯಿತು. ಬುಟ್ಟಿ ಖಾಲಿಯಾಗುತ್ತ ಹೋಯಿತು.

"ನಿಲ್ಲಿಸಿ ಮಾಸ್ತರೇ," ಎಂದ ಹಮ್ಮಣ್ಣ. ಅವನು ಎರಡು ಸಲ ಎದ್ದು ರಸ್ತೆ ನೋಡಿ ಬಂದಿದ್ದ. "ಪಕ್ಕದವನ ನೀರೂ ನೀರೇ ಅಲ್ಲವೇ? ಅದರಲ್ಲಿ ಉಪ್ಪು ಕರಗುವುದಿಲ್ಲವೇ?"

"ಶಾಲೆಯಲ್ಲಿ ಹೇಳಿಕೊಟ್ಟಿದ್ದೆ. ನೀನು ಕಿಟಕಿಯ ಹೊರಗೆ ನೋಡುತ್ತಿದ್ದೆ," ಎಂದೆ. "ಪರಮಾಣುವಿನ ನಡುವೆ ಪುಟ್ಟ ಬೀಜಕೇಂದ್ರ, ಸುತ್ತ ಎಲೆಕ್ಟ್ರಾನುಗಳು, ಮಿಕ್ಕದ್ದೆಲ್ಲ ಬಯಲು. ಉಪ್ಪಿನಲ್ಲಿ ಎರಡು ಬಗೆಯ ಪರಮಾಣುಗಳು. ಒಂದಕ್ಕೆ ಹೊರಸುತ್ತಿನಲ್ಲಿ ಒಂದು ಎಲೆಕ್ಟ್ರಾನು ಹೆಚ್ಚಾಗಿ ಚಡಪಡಿಕೆ. ಇನ್ನೊಂದಕ್ಕೆ ಒಂದು ಕಡಿಮೆಯಾಗಿ ಚಡಪಡಿಕೆ. ಅದು ಕೊಟ್ಟಿತು, ಇದು ತೆಗೆದುಕೊಂಡಿತು. ಕೊಟ್ಟದ್ದೂ ಪಡೆದದ್ದೂ ಒಂದನ್ನೊಂದು ಎಳೆದುಕೊಂಡು ಸಾಲಾಗಿ ಕೂತವು. ಅದೇ ಹರಳು. ಸಿಹಿನೀರು ಬಂದರೆ, ಅದರ ಕಣಗಳು ಇವನ್ನು ಸುತ್ತುವರಿದು ಒಂದೊಂದಾಗಿ ಎಬ್ಬಿಸಿಕೊಂಡು ಹೋಗುತ್ತವೆ. ಖಾಲಿ ಬಸ್ಸು ಬಂದರೆ ಇಲ್ಲಿ ನಿಂತವರೆಲ್ಲ ಹತ್ತುತ್ತಾರಲ್ಲ, ಹಾಗೆ. ಪಕ್ಕದವನ ನೀರು ತುಂಬಿದ ಬಸ್ಸು. ಒಬ್ಬ ಹತ್ತಬೇಕಾದರೆ ಒಬ್ಬ ಇಳಿಯಬೇಕು. ನಿಲ್ದಾಣದಲ್ಲಿ ಜನ ಮೊದಲಿನಷ್ಟೇ ಉಳಿಯುತ್ತಾರೆ."

"ಮತ್ತೆ ಕೆಸರು?"

"ಕೆಸರು ಕರಗುವಂಥದ್ದಲ್ಲ. ಯಾವ ನೀರು ಹೊಯ್ದರೂ ಅದರ ಜೊತೆ ತೇಲಿಕೊಂಡು ಹೋಗುತ್ತದೆ."

"ಇದರಲ್ಲಿ ಸುಳ್ಳು ಎಷ್ಟು?"

"ಬಸ್ಸು ನನ್ನದು. ಉಳಿದದ್ದು ನಿಜ," ಎಂದು ಮುಂದುವರಿಸಿದೆ.

ಹೊಳೆಯ ಬಾಯಲ್ಲಿ ದೋಣಿಯ ಹಾಯಿ ಕಂಡಿತು. ಅಷ್ಟು ಹೊತ್ತಿಗೆ ರೈತ ಅರ್ಧ ರಾಶಿ ತೊಳೆದಿದ್ದ. ಆ ಅರ್ಧ ರಾಶಿ ಒಂದು ಬುಟ್ಟಿಯಾಗಿ ಉಳಿದಿತ್ತು. ಬಸಿದ ನೀರು ಕಾಲುವೆಯಲ್ಲಿ ಓಡುತ್ತಿತ್ತು. ರೈತ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದ. ಅವನ ಉಪ್ಪು ಎಲ್ಲಿಯೂ ಕಳೆದಿರಲಿಲ್ಲ. ನೀರಿನಲ್ಲಿತ್ತು. ನೀರು ಹೊಳೆಗೆ ಹೋಗುತ್ತಿತ್ತು.

ಅವನು ಕಾಲುವೆಯ ಬದಿಗೆ ಕೂತ. ಎದ್ದ. ಕೊಡ ಎತ್ತಿಕೊಂಡು ಬಾವಿಯ ಕಡೆ ಓಡಿದ. ಅರ್ಧ ದಾರಿಯಲ್ಲಿ ನಿಂತು ಕೊಡವನ್ನು ನೋಡಿದ. ಹಿಂದೆ ಬಂದು ಬೇಲಿಯ ಹತ್ತಿರ ನಿಂತ.

"ನಿನ್ನ ನೀರು ಗಲೀಜು," ಎಂದ. ಅವನಿಗೆ ಸಹಾಯ ಕೇಳಲು ಬರುತ್ತಿದ್ದದ್ದು ಹಾಗೆಯೇ.

"ಹೌದು ಮಾರಾಯ, ಗಲೀಜೇ," ಎಂದ ಪಕ್ಕದವನು. "ಆದ್ರೆ ನಿನ್ನ ಬಾವಿ ನೀರಿಗೆ ಹಸಿವು. ಕಂಡದ್ದೆಲ್ಲ ತಿಂತದೆ. ನನ್ನದಕ್ಕೆ ಹೊಟ್ಟೆ ತುಂಬಿದೆ. ನಿನ್ನ ಉಪ್ಪು ಅದಕ್ಕೆ ಬೇಡ. ಬುಟ್ಟಿ ಹಿಡಿ, ದೋಣಿ ಬಂತು. ಈ ಸಲ ನಿಜವಾಗ್ಲೂ ಬಂತು."

ಇಬ್ಬರೂ ಸೇರಿ ತೊಳೆದರು. ಕೆಂಪು ನೀರು ಕೆಸರನ್ನು ಹೊತ್ತುಕೊಂಡು ಹೋಯಿತು. ಉಪ್ಪು ಬುಟ್ಟಿಯಲ್ಲಿ ಉಳಿಯಿತು. ಮಲ್ಲಿಗೆಯಷ್ಟು ಬೆಳ್ಳಗಾಗಲಿಲ್ಲ. ಅನ್ನಕ್ಕೆ ಹಾಕಿಕೊಳ್ಳುವಷ್ಟು ಬೆಳ್ಳಗಾಯಿತು. ರೈತ ಪ್ರತಿ ಬುಟ್ಟಿಗೂ ಮುಖ ಸಿಂಡರಿಸಿದ, ಆದರೆ ಕೈ ನಿಲ್ಲಿಸಲಿಲ್ಲ.

ವ್ಯಾಪಾರಿ ಇಳಿದು ಬಂದು ಒಂದು ಹರಳು ಬಾಯಿಗೆ ಹಾಕಿಕೊಂಡ. "ಇದು ಉಪ್ಪು," ಎಂದ. ಆಮೇಲೆ ಮೂಲೆಯ ಬುಟ್ಟಿಯನ್ನು ನೋಡಿದ. "ಅದೇನು?"

"ಅದು ಶುದ್ಧವಾದದ್ದು," ಎಂದ ರೈತ.

"ಎಷ್ಟಿದೆ?"

"ಅಷ್ಟೇ."

"ಅಷ್ಟಕ್ಕೆ ದೋಣಿ ಯಾಕಪ್ಪ, ಜೇಬಲ್ಲಿ ಹಾಕಿಕೊಂಡು ಹೋಗ್ತೇನೆ," ಎಂದು ವ್ಯಾಪಾರಿ ನಕ್ಕು, ಉಳಿದ ಅರ್ಧ ರಾಶಿಯನ್ನು ತುಂಬಿಸಿಕೊಂಡ. ಅರ್ಧ ದೋಣಿ ಖಾಲಿಯೇ ಹೋಯಿತು. ಆದರೆ ಮುಂದಿನ ಬೇಸಗೆಗೆ ಬರುತ್ತೇನೆ ಎಂದು ವ್ಯಾಪಾರಿ ಹೇಳಿ ಹೋದ.

ಕತೆ ಮುಗಿಯಿತು. ಬಸ್ಸು ಬಂದು ನಿಂತಿತು. ಹಮ್ಮಣ್ಣ ಎದ್ದ. ಚೀಲವನ್ನು ಒಂದು ಹೆಗಲಿಗೆ ಹಾಕಿದ. ತೆಗೆದು ಇನ್ನೊಂದು ಹೆಗಲಿಗೆ ಹಾಕಿದ. ಎರಡು ಹೆಜ್ಜೆ ಹೋಗಿ ತಿರುಗಿ ಬಂದ.

"ಉಪ್ಪು, ದೋಣಿ ಎಲ್ಲ ಬಿಡಿ," ಎಂದ. "ಒಂದೇ ಮಾತು ಹೇಳಿ. ಸುಳ್ಳು ಬೇಡ. ಬೆಟ್ಟಕ್ಕೆ ಹೋದರೆ ನನ್ನ ಸಿಟ್ಟು ಹೋಗುತ್ತದೋ ಇಲ್ಲವೋ?"

"ಖಂಡಿತ ಹೋಗುತ್ತದೆ, ತಮಾ. ಮಗಳಿಲ್ಲದ ಕಡೆ ಮಗಳ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ."

ಕಂಡಕ್ಟರು ಬಾಗಿಲಿನಿಂದ ತಲೆ ಹೊರಹಾಕಿ, "ಬೆಟ್ಟ, ಬೆಟ್ಟ, ಯಾರ್ರೀ ಬರೋರು?" ಎಂದು ಕೂಗಿದ. ಹಮ್ಮಣ್ಣ ಚೀಲವನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದ.

"ಹತ್ತುವುದಾದರೆ ನನ್ನ ಚಾದ ದುಡ್ಡು ಕೊಟ್ಟು ಹತ್ತು," ಎಂದೆ ನಾನು. "ಹತ್ತದಿದ್ದರೂ ಕೊಡು."