ಲಾರಿ ಚಕ್ರದ ಪರೀಕ್ಷೆ

ರಾಣೆಬೆನ್ನೂರಿನ ಒಂದು ಲಾರಿ ಗ್ಯಾರೇಜಿಗೆ ಕಸ್ತೂರಿ ಎಂಬ ಹುಡುಗಿ ಮೆಕ್ಯಾನಿಕ್ ಕೆಲಸ ಕೇಳಿಕೊಂಡು ಬಂದಳು. ಐಟಿಐ ಪಾಸಾಗಿದ್ದಳು. ಆದರೂ ಮೂರು ಗ್ಯಾರೇಜಿನವರು ಅವಳನ್ನು ಬಾಗಿಲಿನಿಂದಲೇ ಕಳಿಸಿದ್ದರು.

ಮಾಲೀಕ ಗುರುಪಾದಯ್ಯ ಅವಳ ಸರ್ಟಿಫಿಕೇಟು ನೋಡಲೇ ಇಲ್ಲ. ಗೋಡೆಗೆ ಒರಗಿಸಿದ್ದ ಲಾರಿ ಚಕ್ರ ತೋರಿಸಿದ.

"ಇದು ಗಂಡಸರ ಕೆಲಸ ತಂಗಿ. ಆ ಚಕ್ರ ಒಬ್ಬಾಕಿನೇ ಎತ್ತಿ ಲಾರಿಗೆ ಜೋಡಿಸು, ಕೆಲಸ ನಿಂದು."

ಏನು ಮಾಡುತ್ತಾಳೋ ಎಂಬ ಕುತೂಹಲಕ್ಕೆ ಕೆಲಸಗಾರರೆಲ್ಲ ಸುತ್ತ ನಿಂತರು.

"ಈ ಪರೀಕ್ಷೆ ಎಲ್ಲಾರಿಗೂ ಒಂದೇ ಏನ್ರಿ?" ಕಸ್ತೂರಿ ಕೇಳಿದಳು.

"ಮತ್ತೇನು? ನಮ್ಮಲ್ಲಿ ಭೇದ ಇಲ್ಲ."

"ಹಂಗಾದ್ರ ಇಲ್ಲಿ ಪಾಸಾದವರು ಯಾರಾದ್ರೂ ಒಮ್ಮೆ ಎತ್ತಿ ತೋರಸ್ರಿ. ನೋಡಿ ಕಲೀತೀನಿ."

ಒಬ್ಬ ಸ್ಪ್ಯಾನರ್ ಹುಡುಕತೊಡಗಿದ. ಇನ್ನೊಬ್ಬನಿಗೆ ಸೊಂಟನೋವು ನೆನಪಾಯಿತು. ಗುರುಪಾದಯ್ಯನಿಗೆ ರೇಗಿತು. ಅಂಗಿಯ ತೋಳು ಮಡಚಿ ತಾನೇ ಬಗ್ಗಿದ. ಮುಖ ಕೆಂಪಾಯಿತೇ ಹೊರತು ಚಕ್ರ ಮೇಲೇಳಲಿಲ್ಲ.

ಕಸ್ತೂರಿ ಮೂಲೆಯಲ್ಲಿದ್ದ ಹಾರೆ ತಂದಳು. ಜಾಕಿನ ಮೇಲೆ ನಿಂತಿದ್ದ ಲಾರಿಯ ಹತ್ತಿರಕ್ಕೆ ಚಕ್ರವನ್ನು ಉರುಳಿಸಿದಳು. ಅದರ ಅಡಿಗೆ ಹಾರೆ ತೂರಿಸಿ ಮೀಟಿದಳು. ಚಕ್ರ ಮೆಲ್ಲಗೆ ಎದ್ದು ಬೋಲ್ಟುಗಳ ಮೇಲೆ ಕೂತಿತು.

"ಹಾರೆ ಹಾಕು ಅಂತ ನಾನೆಲ್ಲಿ ಹೇಳಿದ್ದೆ?" ಗುರುಪಾದಯ್ಯ ಕೂಗಿದ.

ಹಿರಿಯ ಮೆಕ್ಯಾನಿಕ್ ಇಮಾಮಸಾಬ ಕೆಮ್ಮಿದ. "ಧಣೇರ, ಇಪ್ಪತ್ತು ವರ್ಷದಿಂದ ನಾವೂ ಹಿಂಗೇ ಹಾಕ್ತೀವ್ರಿ. ನೀವು ಆಫೀಸಿಂದ ಹೊರಗ ಬಂದು ನೋಡಿದ್ದು ಇವತ್ತೇ."

ಗುರುಪಾದಯ್ಯ ಹಾರೆಗೆ ಕೈಚಾಚಿದ.

"ಕೊಡವ್ವ ಇಲ್ಲಿ, ನಾನೂ ಒಮ್ಮೆ ಮೀಟಿ ನೋಡ್ತೀನಿ. ನೀ ನಾಳೆ ಎಂಟಕ್ಕ ಕೆಲಸಕ್ಕ ಬಾ."