ಊಜಿ ನೊಣ ಮತ್ತು ಹೆಸರು ಹೇಳಿದ ಹುಳು

ರೇಷ್ಮೆ ಸಾಕುವ ಹುಳುಮನೆಯ ನೆಲದ ಬಿರುಕಿನಿಂದ ಹೆಣ್ಣುನೊಣವೊಂದು ಒಂಟಿಯಾಗಿ ಹೊರಬಂದಿತು. ತಾಯಿಯನ್ನು ಅದು ಕಂಡಿರಲಿಲ್ಲ. ತಾನು ಯಾರೆಂದೂ ಅದಕ್ಕೆ ತಿಳಿದಿರಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದ ಮನೆನೊಣದ ಬಳಿ ಹೋಗಿ, "ಅಕ್ಕಾ, ನನ್ನ ಬೆನ್ನ ಮೇಲೂ ನಿನ್ನಂತೆಯೇ ಕಪ್ಪು ಗೆರೆಗಳಿವೆ. ನಾನು ನಿಮ್ಮವಳೇ ತಾನೆ?" ಎಂದಿತು.

"ಗೆರೆ ಇದ್ದರಾಯಿತೇ? ನಿನ್ನ ಗಾತ್ರ ನೋಡು, ಮೈಮೇಲಿನ ಮುಳ್ಳುಗೂದಲು ನೋಡು. ನಮ್ಮ ಪೈಕಿ ಅಲ್ಲ, ನಡೆ ಆಚೆ," ಎಂದು ಮನೆನೊಣ ಮುಖ ತಿರುಗಿಸಿತು.

ಹುಳುಗಳಿಗೆ ನೊಣ ತಾಗದಂತೆ ಕಟ್ಟಿದ್ದ ಪರದೆಯ ಹರುಕಿನಲ್ಲಿ ಹೆಣ್ಣುನೊಣ ನುಸುಳಿ ಒಳಹೋದಾಗ, ತಟ್ಟೆಯಲ್ಲಿ ಸೊಪ್ಪು ಮೇಯುತ್ತಿದ್ದ ರೇಷ್ಮೆಹುಳು ತಲೆಯೆತ್ತಿತು. "ನೀನು ಊಜಿ ನೊಣ. ನಿನ್ನ ಜಾತಿಯವಳು ಮೊಟ್ಟೆ ಇಟ್ಟ ಮೇಲೆ ನನ್ನ ತಂಗಿಯ ಬೆನ್ನಿನಲ್ಲಿ ಕಪ್ಪು ಕಲೆ ಎದ್ದಿತು. ಒಳಹೊಕ್ಕ ಮರಿ ಅವಳನ್ನೇ ತಿಂದು ಬೆಳೆಯಿತು."

ದೂರೇ ಆದರೂ ನೊಣಕ್ಕೆ ಹೋದ ಜೀವ ಬಂದಂತಾಯಿತು. ಹುಟ್ಟಿದಾಗಿನಿಂದ ತನ್ನನ್ನು ಹೆಸರು ಹಿಡಿದು ಕರೆದ ಜೀವ ಇದೊಂದೇ. "ಅಕ್ಕಾ, ನಾನು ಮೊಟ್ಟೆ ಇಡುವುದಿಲ್ಲ. ಗಳಿಗೆ ಹೊತ್ತು ನಿನ್ನ ಜೊತೆ ಕೂರುತ್ತೇನೆ, ಅಷ್ಟೇ."

ಹುಳುವಿಗೆ ಕನಿಕರ ಬಂತು. "ಕೂರು."

ನೊಣ ಅದರ ತಣ್ಣನೆಯ ಬೆನ್ನಿನ ಮೇಲೆ ಕೂತು ಮನಸಾರೆ ಮಾತಾಡಿತು. ಎದ್ದಾಗ ಅಲ್ಲಿ ಗಸಗಸೆಯಷ್ಟು ಬಿಳಿಯ ಮೊಟ್ಟೆಯೊಂದು ಅಂಟಿಕೊಂಡಿತ್ತು. ಯಾವಾಗ ಇಟ್ಟೆನೆಂದು ನೊಣಕ್ಕೇ ತಿಳಿಯಲಿಲ್ಲ.

ಹುಳು ಕೂಗಾಡಲಿಲ್ಲ. "ಈಗ ನೀನು ಯಾರೆಂದು ನಿನಗೂ ಗೊತ್ತಾಯಿತಲ್ಲ," ಎಂದಿತು.

"ಗೊತ್ತಾಯಿತಕ್ಕಾ," ಎಂದಿತು ನೊಣ. "ನನ್ನ ಗುರುತು ಹಿಡಿದವರು ಉಳಿಯುವುದಿಲ್ಲ."